ಗೂಡ್ಸ್ ರೈಲು ಬಂದರೆ ನಮ್ಮ ಜಿಲ್ಲೆಯ ಹೊಗೆ ಎಷ್ಟು ಇಳಿಯುತ್ತದೆ?

ಪ್ರಶ್ನೆ: ನಾನು ಪಾಂಡವಪುರ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ನಾಗಮಂಗಲದ ಕಡೆಯಿಂದ ಮೈಸೂರಿಗೆ ಹೋಗುವ ಹೆದ್ದಾರಿ ನಮ್ಮ ಶಾಲೆಗೆ ಹತ್ತಿರ. ಸಿಮೆಂಟ್, ಗೊಬ್ಬರ, ಅಕ್ಕಿ ಹೊತ್ತ ಲಾರಿಗಳು ಹಗಲೂ ರಾತ್ರಿ ಓಡುತ್ತವೆ. ರೈಲು ಹಳಿಯೂ ದೂರವಿಲ್ಲ, ಆದರೆ ಅದರ ಮೇಲೆ ಗೂಡ್ಸ್ ಗಾಡಿ ಕಾಣುವುದು ಕಡಿಮೆ. ಈ ಸರಕೆಲ್ಲ ರೈಲಿಗೆ ಹೋದರೆ ನಮ್ಮ ಮಂಡ್ಯ–ಮೈಸೂರು ಭಾಗದ ಇಂಗಾಲ ಎಷ್ಟು ಇಳಿಯಬಹುದು? ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು: "ಸಾರ್, ಎಲೆಕ್ಟ್ರಿಕ್ ರೈಲಿಗೂ ಕರೆಂಟು ಬರೋದು ಕಲ್ಲಿದ್ದಲಿನಿಂದ ತಾನೇ? ಹೊಗೆ ಇಲ್ಲಿಂದ ರಾಯಚೂರಿಗೆ ಹೋಯ್ತು ಅಷ್ಟೇ ಅಲ್ವಾ?" ನನಗೆ ಸರಿಯಾದ ಉತ್ತರ ಕೊಡಲು ಆಗಲಿಲ್ಲ.

ಉತ್ತರ: ಮೇಷ್ಟ್ರೇ, ಆ ಹುಡುಗಿಗೆ ಮೊದಲು ನನ್ನ ಮೆಚ್ಚುಗೆ ತಿಳಿಸಿ. ಅವಳ ಅನುಮಾನದಲ್ಲಿ ಅರ್ಧ ಸತ್ಯ ಇದೆ. ಉಳಿದ ಅರ್ಧವನ್ನು ಲೆಕ್ಕ ಹಾಕಿಯೇ ನೋಡಬೇಕು.

ಸರಕು ರೈಲಿಗೆ ಹೋದರೆ ಇಂಗಾಲ ಇಳಿಯುತ್ತದೆ, ಅದರಲ್ಲಿ ಅನುಮಾನ ಬೇಡ. ಆದರೆ ಅದು ಇಳಿಯುವುದು ಸರಕು ಬಂದ ದಾರಿಯುದ್ದಕ್ಕೂ. ನಿಮ್ಮ ಶಾಲೆಯ ಮುಂದಿನ ರಸ್ತೆಗೆ ಸಿಗುವುದು ಅದರಲ್ಲಿ ಒಂದು ಸಣ್ಣ ಪಾಲು. ಇನ್ನು ಮಂಡ್ಯದಿಂದ ಬೆಂಗಳೂರಿಗೆ ಹೋಗುವಂಥ ಹತ್ತಿರದ ಸರಕಿಗೆ ರೈಲಿನಿಂದ ಹೆಚ್ಚೇನೂ ಲಾಭವಿಲ್ಲ. ಹೀಗೆ ಹೇಳಿದರೆ ರೈಲನ್ನು ಪ್ರೀತಿಸುವವರಿಗೆ ಬೇಸರವಾಗುತ್ತದೆ. ನಾನೂ ರೈಲನ್ನು ಪ್ರೀತಿಸುವವನೇ. ಅದಕ್ಕೇ ಲೆಕ್ಕ ತಪ್ಪಬಾರದು ಅನ್ನುತ್ತೇನೆ.

ಮೊದಲು ರೈಲಿಗೆ ಯಾಕೆ ಕಡಿಮೆ ಶಕ್ತಿ ಸಾಕು ಅನ್ನುವುದು. ಢಾಬಾ ಮುಂದೆ ಆಗತಾನೇ ಬಂದು ನಿಂತ ಲಾರಿಯ ಟೈರಿನ ಹತ್ತಿರ ಕೈ ಹಿಡಿದು ನೋಡಿ. ಬಿಸಿ ತಾಗುತ್ತದೆ. ಆ ಬಿಸಿ ಡೀಸೆಲ್ಲಿನಿಂದಲೇ ಬಂದದ್ದು. ಭಾರಕ್ಕೆ ರಬ್ಬರು ಕೆಳಗಡೆ ಚಪ್ಪಟೆಯಾಗುತ್ತದೆ, ಮೇಲೆ ಬಂದಾಗ ಮತ್ತೆ ದುಂಡಗಾಗುತ್ತದೆ. ಪ್ರತಿ ಸುತ್ತಿಗೂ ಇದೇ ಕತೆ. ಹೀಗೆ ಹಿಸುಕಿಸಿಕೊಂಡು ಹಿಗ್ಗುವುದರಲ್ಲೇ ಒಂದಷ್ಟು ಎಣ್ಣೆ ಖರ್ಚಾಗುತ್ತದೆ. ರೈಲಿನ ಚಕ್ರ ಉಕ್ಕು, ಹಳಿಯೂ ಉಕ್ಕು. ಎರಡೂ ತಗ್ಗುವುದಿಲ್ಲ. ಒಂದು ಚಕ್ರ ಹಳಿಯನ್ನು ಮುಟ್ಟುವ ಜಾಗ ಹೆಚ್ಚುಕಮ್ಮಿ ನಿಮ್ಮ ಕಿರುಬೆರಳಿನ ಉಗುರಿನಷ್ಟು. ಅಷ್ಟು ಜಾಗದ ಮೇಲೆ ಹತ್ತು ಟನ್ ಭಾರ ಕೂತಿರುತ್ತದೆ. ಒಂದೇ ಭಾರವನ್ನು ಸಮತಟ್ಟಾದ ದಾರಿಯಲ್ಲಿ ಉರುಳಿಸಲು ಹಳಿಯ ಮೇಲೆ ಬೇಕಾಗುವ ಬಲ ಟಾರು ರಸ್ತೆಯ ಮೇಲೆ ಬೇಕಾಗುವುದರ ನಾಲ್ಕು–ಐದರಲ್ಲಿ ಒಂದು ಪಾಲು ಮಾತ್ರ. ಗಾಳಿಯದೂ ಹಾಗೇ. ನೂರು ಲಾರಿ ನೂರು ಸಲ ಗಾಳಿ ಸೀಳಬೇಕು. ರೈಲಿನಲ್ಲಿ ಎಂಜಿನ್ ಸೀಳಿದ ದಾರಿಯಲ್ಲೇ ಹಿಂದಿನ ವ್ಯಾಗನ್‌ಗಳೆಲ್ಲ ಹೋಗುತ್ತವೆ.

ಕ್ಲಾಸಿನಲ್ಲಿ ಇದನ್ನು ತೋರಿಸುವುದು ಸುಲಭ. ಒಂದು ಗೋಲಿಯನ್ನು ಗಾಜಿನ ಮೇಲೆ ಉರುಳಿಸಿ, ಆಮೇಲೆ ಚಾಪೆಯ ಮೇಲೆ ಉರುಳಿಸಿ. ಮಕ್ಕಳಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಈಗ ಲಾರಿಯ ಲೆಕ್ಕ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.68 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬರುತ್ತದೆ. ಮುಂದೆ ಸುಮ್ನೆ "ಇಂಗಾಲ" ಅನ್ನುತ್ತೇನೆ. ಲೀಟರ್ ಡೀಸೆಲ್ ತೂಗುವುದೇ ಒಂದು ಕಿಲೋಗಿಂತ ಕಡಿಮೆ, ಅದರಿಂದ ಎರಡೂವರೆ ಕಿಲೋ ಹೇಗೆ ಅಂತ ಮಕ್ಕಳು ಕೇಳುತ್ತಾರೆ. ಉಳಿದ ತೂಕ ಗಾಳಿಯ ಆಮ್ಲಜನಕದ್ದು.

ಹತ್ತು ಚಕ್ರದ ಲಾರಿ ಸುಮಾರು 18 ಟನ್ ಹೊರುತ್ತದೆ. ಲೋಡಿದ್ದಾಗ ಲೀಟರಿಗೆ 4 ಕಿ.ಮೀ. ಕೊಡುತ್ತದೆ, ಖಾಲಿ ಇದ್ದಾಗ 6 ಅಂತ ಇಟ್ಟುಕೊಳ್ಳೋಣ. ಹೋಗುವಾಗ ತುಂಬಿ, ಬರುವಾಗಲೂ ಪೂರ್ತಿ ಲೋಡ್ ಸಿಕ್ಕರೆ ಒಂದು ಟನ್ ಸರಕು ಒಂದು ಕಿ.ಮೀ. ಸಾಗಲು 37 ಗ್ರಾಂ ಇಂಗಾಲ. ವಾಪಸ್ ಖಾಲಿ ಬಂದರೆ ಆ ಎಣ್ಣೆಯನ್ನೂ ಇದೇ ಸರಕಿನ ಲೆಕ್ಕಕ್ಕೆ ಬರೆಯಬೇಕು. ಆಗ ಅದು 62 ಗ್ರಾಂ ಆಗುತ್ತದೆ. ಊರೊಳಗೆ ಓಡುವ ಆರು ಚಕ್ರದ ಸಣ್ಣ ಲಾರಿ 9 ಟನ್ ಹಾಕಿಕೊಂಡು ಸಿಗ್ನಲ್ಲು, ಸಂದಿ, ಸಂತೆ ದಾಟಿ ಹೋಗಿ ಖಾಲಿ ಮರಳಿದರೆ ನೂರು ಗ್ರಾಂ ಮುಟ್ಟುತ್ತದೆ. ಈ ಮೂರು ಅಂಕಿ ನೆನಪಿಟ್ಟುಕೊಳ್ಳಿ: 37, 62, 100. ಲಾರಿ ಅಂದ ಕೂಡಲೇ ಒಂದೇ ಅಂಕಿ ಹೇಳುವವರನ್ನು ನಂಬಬೇಡಿ. ಎಷ್ಟು ತುಂಬಿದೆ, ವಾಪಸ್ ಏನು ತಂತು ಅನ್ನುವುದರ ಮೇಲೆ ಎಲ್ಲವೂ ನಿಂತಿದೆ.

ರೈಲಿನದು ಹೀಗೆ. ಎಲೆಕ್ಟ್ರಿಕ್ ಎಂಜಿನ್ ಎಳೆಯುವ ಗೂಡ್ಸ್ ಗಾಡಿಗೆ, ವ್ಯಾಗನ್ನಿನ ತೂಕವೂ ಸೇರಿದ ಒಟ್ಟು ಸಾವಿರ ಟನ್ ಒಂದು ಕಿ.ಮೀ. ಸಾಗಲು ಸುಮಾರು 6ರಿಂದ 6.5 ಯೂನಿಟ್ ವಿದ್ಯುತ್ ಬೇಕು. ಒಂದು ವ್ಯಾಗನ್ ತಾನೇ 24 ಟನ್ ತೂಗುತ್ತದೆ, ಹೊರುವುದು 63 ಟನ್ನಿನಷ್ಟು. ಖಾಲಿ ವಾಪಸ್ ಹೋಗುವುದನ್ನೂ ಸೇರಿಸಿದರೆ, ಸಾವಿರ ಟನ್ ಸರಕನ್ನು ಒಂದು ಕಿ.ಮೀ. ಒಯ್ಯಲು 11 ಯೂನಿಟ್ ಚಿಲ್ಲರೆ ಆಗುತ್ತದೆ. ದೇಶದ ವಿದ್ಯುತ್ ಜಾಲದಲ್ಲಿ ಒಂದು ಯೂನಿಟ್ ತಯಾರಾಗುವಾಗ ಸರಾಸರಿ 0.7 ಕೆ.ಜಿ.ಗಿಂತ ಸ್ವಲ್ಪ ಜಾಸ್ತಿ ಇಂಗಾಲ ಹೊರಬೀಳುತ್ತದೆ. ತಂತಿಯಲ್ಲಿ ಸೋರುವುದನ್ನೂ ಕೂಡಿಸಿದರೆ ಟನ್ನಿಗೆ ಕಿ.ಮೀ.ಗೆ 9–10 ಗ್ರಾಂ. ನಾನು ಹತ್ತು ಅಂತಲೇ ಹಿಡಿಯುತ್ತೇನೆ.

ಇಲ್ಲಿಗೆ ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ಕಲ್ಲಿದ್ದಲಿನ ಹೊಗೆಯನ್ನೂ ಸೇರಿಸಿಯೇ ಈ ಹತ್ತು ಗ್ರಾಂ ಬಂದಿರುವುದು. ನಿಮ್ಮ ರಸ್ತೆಯಲ್ಲಿ 62 ಗ್ರಾಂ ಹೋಯಿತು, ರಾಯಚೂರು–ಬಳ್ಳಾರಿಯಂಥ ಕಡೆ 10 ಗ್ರಾಂ ಬಂತು. ಅದು ಸುಮ್ಮನೆ ಜಾಗ ಬದಲಿಸಿದ ಹೊಗೆ ಅಲ್ಲ. ಆರು ಪಾಲಿನಲ್ಲಿ ಐದು ಪಾಲು ಹುಟ್ಟಲೇ ಇಲ್ಲ.

ಆದರೆ ಅವಳ ಅನುಮಾನ ಸರಿಯಾಗಿ ತಾಗುವ ಜಾಗ ಒಂದಿದೆ. ಅದನ್ನೂ ಹೇಳಬೇಕು. ಡೀಸೆಲ್ ಎಂಜಿನ್ ಎಳೆಯುವ ಗೂಡ್ಸ್ ಗಾಡಿಗೆ ಇದೇ ಲೆಕ್ಕ ಹಾಕಿದರೆ 11–12 ಗ್ರಾಂ ಬರುತ್ತದೆ. ಅಂದರೆ ಇವತ್ತಿನ ಮಟ್ಟಿಗೆ ಡೀಸೆಲ್ ರೈಲಿಗೂ ಎಲೆಕ್ಟ್ರಿಕ್ ರೈಲಿಗೂ ಇಂಗಾಲದಲ್ಲಿ ದೊಡ್ಡ ಅಂತರವಿಲ್ಲ. ಲಾರಿಯಿಂದ ರೈಲಿಗೆ ಬಂದದ್ದೇ ದೊಡ್ಡ ಉಳಿತಾಯ. ತಂತಿ ಎಳೆದಿದ್ದರ ಫಲ ಮುಂದೆ ಸಿಗುವಂಥದ್ದು. ವಿದ್ಯುತ್ ಜಾಲಕ್ಕೆ ಸೂರ್ಯ, ಗಾಳಿ, ನೀರಿನ ಪಾಲು ಜಾಸ್ತಿಯಾದ ಹಾಗೆ ಅದೇ ಎಂಜಿನ್, ಅದೇ ವ್ಯಾಗನ್, ಅದೇ ಹಳಿ ತನ್ನಷ್ಟಕ್ಕೇ ಶುದ್ಧವಾಗುತ್ತಾ ಹೋಗುತ್ತದೆ. ಲಾರಿಯಲ್ಲಿ ಹಾಗಾಗಬೇಕಾದರೆ ಒಂದೊಂದು ಲಾರಿಯನ್ನೂ ಬದಲಿಸಬೇಕು. ಮಂಡ್ಯ ಜಿಲ್ಲೆಯ ಮಕ್ಕಳಿಗೆ ಇದನ್ನು ಹೇಳಲು ಒಳ್ಳೆಯ ಉದಾಹರಣೆ ಮನೆ ಬಾಗಿಲಲ್ಲೇ ಇದೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ಕಾವೇರಿ ನೀರಿನಿಂದ ವಿದ್ಯುತ್ ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಈಗ ಪಾವಗಡದ ಬಯಲಿನಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ. ಬೆಂಗಳೂರು–ಮೈಸೂರು ಹಳಿಯ ಮೇಲಿನ ತಂತಿ ಇಂಥ ಜಾಲಕ್ಕೇ ಸೇರಿಕೊಂಡಿದೆ.

ಇನ್ನು ನಿಮ್ಮ ರಸ್ತೆಯ ಸಿಮೆಂಟ್ ಲಾರಿಗೆ ಬರುತ್ತೇನೆ. ನಿಮ್ಮ ಮುಂದಿನದು ಜೇವರ್ಗಿಯಿಂದ ಚಾಮರಾಜನಗರಕ್ಕೆ ಬರುವ ಹೆದ್ದಾರಿ. ಕಲಬುರಗಿ ಜಿಲ್ಲೆಯ ಸೇಡಂ, ವಾಡಿ ಕಡೆ ಸಿಮೆಂಟ್ ಕಾರ್ಖಾನೆಗಳು ಇವೆ. ಅಲ್ಲಿಂದ ಮೈಸೂರಿಗೆ ಸುಮಾರು 700 ಕಿ.ಮೀ. ಅಂತ ಇಟ್ಟುಕೊಳ್ಳಿ. 42 ವ್ಯಾಗನ್ನಿನ ಒಂದು ರೇಕ್, ಅಂದರೆ ಒಂದು ಪೂರ್ತಿ ಗೂಡ್ಸ್ ಗಾಡಿ, ಸುಮಾರು 2,600 ಟನ್ ತರುತ್ತದೆ. ಅಷ್ಟನ್ನೇ ಹತ್ತು ಚಕ್ರದ ಲಾರಿಗಳಲ್ಲಿ ತರಲು 144 ಲಾರಿ ಬೇಕು.

ಲಾರಿಗಳು ಖಾಲಿ ಮರಳಿದರೆ ಟನ್ನಿಗೆ 43 ಕೆ.ಜಿ. ಇಂಗಾಲ. ರೈಲಿನಲ್ಲಿ 7 ಕೆ.ಜಿ. ಜೊತೆಗೆ ಮೈಸೂರಿನ ಗೂಡ್ಸ್ ಶೆಡ್ಡಿನಿಂದ (ರೈಲಿನ ಸರಕು ಹತ್ತಿಸಿ ಇಳಿಸುವ ಜಾಗ) ಅಂಗಡಿ, ಗೋಡೌನಿಗೆ ಸಣ್ಣ ಲಾರಿಯಲ್ಲಿ 20 ಕಿ.ಮೀ. ಸಾಗಿಸಲು ಇನ್ನೊಂದು 2 ಕೆ.ಜಿ. ಒಟ್ಟು 9. ಕಾರ್ಖಾನೆಯ ಕಡೆ ಲೆಕ್ಕ ಇಲ್ಲ, ಏಕೆಂದರೆ ದೊಡ್ಡ ಸಿಮೆಂಟ್ ಕಾರ್ಖಾನೆಗಳ ಒಳಗೇ ಸೈಡಿಂಗ್, ಅಂದರೆ ಅವರದೇ ಕವಲು ಹಳಿ, ಇರುತ್ತದೆ. ಹಾಗಾಗಿ ಒಂದು ರೇಕ್ ಬಂದರೆ ಸುಮಾರು 90 ಟನ್ ಇಂಗಾಲ ಉಳಿಯಿತು. ಲಾರಿಯವರಿಗೆ ವಾಪಸ್ ಪೂರ್ತಿ ಲೋಡ್ ಸಿಗುತ್ತದೆ ಅಂದುಕೊಂಡರೂ 44 ಟನ್ ಉಳಿಯುತ್ತದೆ.

ಆದರೆ ನೀವು ಕೇಳಿದ್ದು "ನಮ್ಮ ಭಾಗದಲ್ಲಿ ಎಷ್ಟು" ಅಂತ. ಬೆಳ್ಳೂರು ಕ್ರಾಸಿನಿಂದ ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣದ ಮೇಲೆ ಮೈಸೂರಿಗೆ ಸುಮಾರು 80 ಕಿ.ಮೀ. ಆ 144 ಲಾರಿಗಳು ಈ ದಾರಿಯಲ್ಲಿ ಹೋಗಿ ಬರಲು ಸುಡುವ ಎಣ್ಣೆಯಿಂದ 13 ಟನ್ ಇಂಗಾಲ. ಅದು ಹೋಯಿತು. ಬದಲಿಗೆ ಗೂಡ್ಸ್ ಶೆಡ್ಡಿನಿಂದ ಹೊರಡುವ ಸಣ್ಣ ಲಾರಿಗಳಿಂದ 5 ಟನ್ ಬಂತು. ಕಳೆದರೆ 8 ಟನ್. ಉಳಿದ 90 ಟನ್ನಿನಲ್ಲಿ ಮಂಡ್ಯ–ಮೈಸೂರಿನ ಖಾತೆಗೆ ಬಿದ್ದದ್ದು ಎಂಟೇ ಟನ್. ಮಿಕ್ಕದ್ದೆಲ್ಲ ಸಿರುಗುಪ್ಪ, ಬಳ್ಳಾರಿ, ಹಿರಿಯೂರು, ಹುಳಿಯಾರಿನ ರಸ್ತೆಗಳಲ್ಲಿ ಉಳಿದದ್ದು. ಇಂಗಾಲಕ್ಕೆ ತಾಲ್ಲೂಕು ಗಡಿ ಗೊತ್ತಿಲ್ಲ. ಹಿರಿಯೂರಿನಲ್ಲಿ ಉಳಿದದ್ದೂ ನಿಮ್ಮ ಮಳೆಗೆ, ನಿಮ್ಮ ಬೆಳೆಗೆ ಒಳ್ಳೆಯದೇ. ಆದರೆ ಡೀಸೆಲ್ ಮಸಿ ಹಾಗಲ್ಲ. ಅದು ಬಿದ್ದ ಊರಿನವರ ಎದೆಗೇ ಇಳಿಯುತ್ತದೆ. ಆದ್ದರಿಂದ ಮಕ್ಕಳಿಗೆ ಇವೆರಡನ್ನೂ ಬೇರೆ ಬೇರೆ ಮಾಡಿ ಹೇಳಿ.

ಒಂದು ಮಾತನ್ನು ಮುಚ್ಚಿಡಬಾರದು. 50 ಕಿಲೋ ಮೂಟೆ ಸಿಮೆಂಟ್ ತಯಾರಾಗುವಾಗಲೇ 30 ಕೆ.ಜಿ. ಆಸುಪಾಸು ಇಂಗಾಲ ಹೋಗಿರುತ್ತದೆ. ರೈಲಿನಲ್ಲಿ ತಂದರೆ ಆ ಮೂಟೆಯ ಮೇಲೆ ಉಳಿಯುವುದು ಒಂದೂಮುಕ್ಕಾಲು ಕೆ.ಜಿ. ಸಾಗಾಟ ಬದಲಿಸಿದ ಮಾತ್ರಕ್ಕೆ ಸಿಮೆಂಟ್ ಹಸಿರಾಗುವುದಿಲ್ಲ. ಅಕ್ಕಿ, ಗೋಧಿ, ಸಕ್ಕರೆ ಮುಂತಾದವುಗಳಲ್ಲಿ ಸಾಗಾಟದ ಪಾಲಿನ ಲೆಕ್ಕ ಬೇರೆಯೇ ಇರುತ್ತದೆ.

ಹತ್ತಿರದ ಸರಕಿನಲ್ಲಿ ಏನಾಗುತ್ತದೆ ಅಂತ ನಿಮ್ಮ ಕಡೆಯ ಬೆಲ್ಲವನ್ನೇ ತೆಗೆದುಕೊಂಡು ನೋಡೋಣ. ಆಲೆಮನೆಯಿಂದ ಬೆಂಗಳೂರಿಗೆ 125 ಕಿ.ಮೀ. ಲಾರಿ ನೇರ ಹೋದರೆ ಟನ್ನಿಗೆ 4.6ರಿಂದ 7.7 ಕೆ.ಜಿ. ಇಂಗಾಲ. ರೈಲಿನಲ್ಲಿ ಕಳಿಸಬೇಕಾದರೆ ಮೊದಲು ಸಣ್ಣ ಲಾರಿಯಲ್ಲಿ ಗೂಡ್ಸ್ ಶೆಡ್ಡಿಗೆ ಒಯ್ಯಬೇಕು, ಅದು 25 ಕಿ.ಮೀ. ಅನ್ನಿ. ಬೆಂಗಳೂರಿನಲ್ಲಿ ಇಳಿಸಿ ಮತ್ತೆ ಟ್ರಾಫಿಕ್ಕಿನಲ್ಲಿ 25 ಕಿ.ಮೀ. ಈ ಎರಡು ತುದಿಗೇ 5 ಕೆ.ಜಿ. ಹೋಯಿತು. ರೈಲಿನದು 1.2. ಒಟ್ಟು 6.2. ಹೆಚ್ಚುಕಮ್ಮಿ ಲಾರಿಯಷ್ಟೇ ಆಯಿತಲ್ಲ? ಮೇಲಾಗಿ ಎರಡು ಸಲ ಹತ್ತಿಸಿ ಇಳಿಸುವಾಗ ಅಚ್ಚು ಒಡೆಯುತ್ತದೆ, ಹಮಾಲಿ ಕೂಲಿಯೂ ಜಾಸ್ತಿ. ಬೆಲ್ಲದವರು ಲಾರಿಗೆ ಕೊಡುತ್ತಾರೆ ಅಂದರೆ ಅದು ತಪ್ಪೇನಲ್ಲ. 2023ರಲ್ಲಿ ಬೆಂಗಳೂರು–ಮೈಸೂರು ದಶಪಥ ಶುರುವಾದ ಮೇಲೆ ಅದು ಇನ್ನೂ ಸುಲಭವಾಗಿದೆ.

ಕಬ್ಬಿಗಂತೂ ರೈಲಿನ ಮಾತೇ ಇಲ್ಲ. ಗದ್ದೆಯಿಂದ ಫ್ಯಾಕ್ಟರಿಗೆ ಹತ್ತಿಪ್ಪತ್ತು ಕಿ.ಮೀ., ಟ್ರ್ಯಾಕ್ಟರೇ ಸರಿ, ಎತ್ತಿನಗಾಡಿ ಇನ್ನೂ ಸರಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಕಬ್ಬು ಸಾಗಿಸಲೆಂದೇ ಗದ್ದೆಗಳ ನಡುವೆ ಪುಟ್ಟ ಹಳಿ ಹಾಕಿದ್ದಾರೆ. ಅಲ್ಲಿನ ಹಿಡುವಳಿ ದೊಡ್ಡದು. ಎಕರೆ, ಅರ್ಧ ಎಕರೆಯ ನಮ್ಮ ಗದ್ದೆಗಳಿಗೆ ಅದು ಒಗ್ಗುವುದಿಲ್ಲ.

ಮದ್ದೂರಿನ ಎಳನೀರಿನ ವಿಷಯ ನನ್ನನ್ನು ತುಂಬಾ ಕಾಡುತ್ತದೆ. ಅಲ್ಲಿನ ಮಾರುಕಟ್ಟೆಯಿಂದ ಮುಂಬೈ, ದೆಹಲಿವರೆಗೂ ಲಾರಿ ಹೋಗುತ್ತವೆ. ದೆಹಲಿ 2,200 ಕಿ.ಮೀ. ದೂರ. ವಾಪಸ್ ಪೂರ್ತಿ ಲೋಡ್ ಸಿಕ್ಕಿದರೂ ಟನ್ನಿಗೆ 81 ಕೆ.ಜಿ. ಇಂಗಾಲ. ಒಂದು ಕಾಯಿ 1.8 ಕಿಲೋ ಅಂದರೆ ಟನ್ನಿಗೆ 555 ಕಾಯಿ. ಅಲ್ಲಿಗೆ ಒಂದೊಂದು ಎಳನೀರಿನ ಮೇಲೂ 150 ಗ್ರಾಂ ಇಂಗಾಲ ಕೂತಿರುತ್ತದೆ. ಕುಡಿಯುವ ನೀರು ಸ್ವಲ್ಪ, ಹೊತ್ತದ್ದು ಜಾಸ್ತಿ ಸಿಪ್ಪೆಯನ್ನೇ! ಪಾರ್ಸಲ್ ರೈಲಿನಲ್ಲಿ ಕಳಿಸಿದರೆ, ಗಾಡಿ ವೇಗವಾಗಿ ಹೋಗಬೇಕು ಅಂತ ಟನ್ನಿಗೆ ಕಿ.ಮೀ.ಗೆ 15 ಗ್ರಾಂ ಹಿಡಿದರೂ, ಎರಡೂ ತುದಿಯ ಲಾರಿ ಸೇರಿ ಕಾಯಿಗೆ 70 ಗ್ರಾಂ ಆಗುತ್ತದೆ. ಅರ್ಧಕ್ಕಿಂತ ಕಡಿಮೆ. ಮದ್ದೂರಿನಲ್ಲಿ ರೈಲ್ವೆ ಸ್ಟೇಷನ್ನೂ ಇದೆ. ಹಾಗಿದ್ದರೂ ಯಾಕೆ ಲಾರಿ?

ಇದನ್ನು ನಾನು ಒಬ್ಬ ವ್ಯಾಪಾರಿಯ ಹತ್ತಿರ ಕೇಳಿದ್ದೇನೆ. ಅವರು ಹೇಳಿದ್ದು ಇಷ್ಟೇ: "ಲಾರಿಗೆ ಒಂದು ಫೋನ್ ಸಾಕು ಸಾರ್. ತೋಟದ ಹತ್ತಿರಾನೇ ಬರುತ್ತೆ, ಇಂಥ ದಿನ ಮುಟ್ಟಿಸ್ತೀನಿ ಅಂತಾನೆ, ಮುಟ್ಟಿಸ್ತಾನೆ. ಎಳನೀರು ಕಾಯಲ್ಲ." ನನಗೆ ಎದುರು ಮಾತು ಹೊಳೆಯಲಿಲ್ಲ. ಅವರದು ದಿನಕ್ಕೆ ಒಂದೆರಡು ಲಾರಿ ಮಾಲು. ರೈಲ್ವೆಗೆ ಬೇಕಾದದ್ದು ಒಟ್ಟಿಗೆ ಒಂದು ರೇಕ್. ಇಪ್ಪತ್ತು ವ್ಯಾಗನ್ನಿನ ಮಿನಿ ರೇಕ್ ಅಂದರೂ ಸಾವಿರ ಟನ್ ದಾಟುತ್ತದೆ. ಅಷ್ಟು ಮಾಲು ಒಬ್ಬರ ಹತ್ತಿರ ಇರುವುದಿಲ್ಲ. ಹತ್ತಾರು ವ್ಯಾಪಾರಿಗಳ ಮಾಲನ್ನು ಒಂದೇ ದಿನ, ಒಂದೇ ಊರಿಗೆ ಕೂಡಿಸಿ ಕಳಿಸುವವರು ಬೇಕು. 2020ರಲ್ಲಿ ಶುರುವಾದ ಕಿಸಾನ್ ರೈಲುಗಳಲ್ಲಿ ಹಣ್ಣು ತರಕಾರಿಗೆ ಬಾಡಿಗೆಯಲ್ಲಿ ಅರ್ಧ ರಿಯಾಯಿತಿ ಕೊಟ್ಟರು. ರಿಯಾಯಿತಿ ಒಳ್ಳೆಯದೇ. ಆದರೆ ಗಾಡಿ ಹೊರಡುವ ಹೊತ್ತು, ಮುಟ್ಟುವ ಹೊತ್ತು ಖಾತ್ರಿ ಆಗುವುದು ಅದಕ್ಕಿಂತ ಮುಖ್ಯ ಅಂತ ನನ್ನ ಅನುಭವ.

ದೇಶದ ಚಿತ್ರವೂ ಇದನ್ನೇ ಹೇಳುತ್ತದೆ. 1950ರ ಹೊತ್ತಿಗೆ ದೇಶದ ಸರಕಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಮೀರಿದ ಪಾಲು ರೈಲಿನದಾಗಿತ್ತು. ಈಗ ಮೂರರಲ್ಲಿ ಒಂದು ಪಾಲೂ ಇಲ್ಲ. 2030ಕ್ಕೆ ಅದನ್ನು 45ಕ್ಕೆ ಏರಿಸಬೇಕು ಅಂತ ರಾಷ್ಟ್ರೀಯ ರೈಲು ಯೋಜನೆಯಲ್ಲಿ ಬರೆದುಕೊಂಡಿದ್ದಾರೆ. 2023–24ರಲ್ಲಿ ಭಾರತೀಯ ರೈಲ್ವೆ ಸಾಗಿಸಿದ್ದು ಸುಮಾರು 159 ಕೋಟಿ ಟನ್. ಅದರಲ್ಲಿ ಅರ್ಧದಷ್ಟು ಬರೀ ಕಲ್ಲಿದ್ದಲು. ಇದು ನನಗೆ ದೊಡ್ಡ ಚಿಂತೆ. ಕಲ್ಲಿದ್ದಲು ಕಡಿಮೆ ಆಗಬೇಕು ಅಂತಲೇ ನಾವೆಲ್ಲ ಬಯಸುವುದು. ಅದು ಕಡಿಮೆ ಆದ ದಿನ ರೈಲಿನ ಅರ್ಧ ಹೊರೆ ಖಾಲಿಯಾಗುತ್ತದೆ. ಆ ಜಾಗಕ್ಕೆ ಸಿಮೆಂಟ್, ಧಾನ್ಯ, ಕಂಟೇನರ್, ಎಳನೀರು ಬರಬೇಕಾದರೆ ಗೂಡ್ಸ್ ಶೆಡ್ಡುಗಳು ಈಗಿನಿಂದಲೇ ತಯಾರಾಗಬೇಕು.

ಮೈಸೂರಿನ ಕಡೆ ಈ ನಿಟ್ಟಿನಲ್ಲಿ ಆಗಿರುವ ಒಳ್ಳೆಯ ಕೆಲಸ ಅಂದರೆ ಕಡಕೊಳದ ಕಂಟೇನರ್ ಟರ್ಮಿನಲ್. ಮೈಸೂರಿಗೂ ನಂಜನಗೂಡಿಗೂ ನಡುವೆ, ಚಾಮರಾಜನಗರದ ಹಳಿಯ ಪಕ್ಕದಲ್ಲೇ ಇದೆ. ನಂಜನಗೂಡಿನ ಕಾರ್ಖಾನೆಯ ಮಾಲು ಚೆನ್ನೈ ಬಂದರಿಗೆ ಹೋಗಬೇಕು ಅನ್ನಿ, ಹತ್ತಿರ ಹತ್ತಿರ 500 ಕಿ.ಮೀ. ಲಾರಿಯಲ್ಲಿ ಹೋಗಿ ಖಾಲಿ ಬಂದರೆ ಟನ್ನಿಗೆ 31 ಕೆ.ಜಿ. ಕಡಕೊಳದವರೆಗೆ ಟ್ರೇಲರ್, ಅಲ್ಲಿಂದ ರೈಲು ಅಂದರೆ, ಕಂಟೇನರಿನ ತೂಕವನ್ನೂ ಸೇರಿಸಿ 8 ಕೆ.ಜಿ. ಒಳಗೆ ಮುಗಿಯುತ್ತದೆ. 90 ಕಂಟೇನರಿನ ಒಂದು ಗಾಡಿ ಹೊರಟರೆ ಅಷ್ಟೇ ಸಂಖ್ಯೆಯ ಸಣ್ಣ ಟ್ರೇಲರ್‌ಗಳು ಹೆದ್ದಾರಿಯಿಂದ ಇಳಿದ ಹಾಗೆ.

ಈಗ ಒಂದು ವಿಚಿತ್ರ ನೋಡಿ. ಇಂಥ ಟರ್ಮಿನಲ್ ಚೆನ್ನಾಗಿ ನಡೆದಷ್ಟೂ ಕಡಕೊಳದ ಸುತ್ತಲಿನ ರಸ್ತೆಯಲ್ಲಿ ಟ್ರೇಲರ್ ಜಾಸ್ತಿಯಾಗುತ್ತವೆ. ಹಾಸನ, ಚಾಮರಾಜನಗರ, ಮಂಡ್ಯದ ಮಾಲೆಲ್ಲ ಅಲ್ಲಿಗೇ ಬರುತ್ತದೆ. ಹೊಸ ಗೋಡೌನು, ಹೊಸ ಕಾರ್ಖಾನೆ ಹಳಿಯ ಹತ್ತಿರ ಜಾಗ ಹುಡುಕುತ್ತವೆ. ಆ ಹೋಬಳಿಯ ಇಂಗಾಲದ ಲೆಕ್ಕ ಬರೆದರೆ ಏರಿಕೆ ಕಾಣುತ್ತದೆ. ರಾಜ್ಯದ ಲೆಕ್ಕ ಬರೆದರೆ ಇಳಿಕೆ ಕಾಣುತ್ತದೆ. ಎರಡೂ ನಿಜ. ಹಾಗಾಗಿ "ಪ್ರದೇಶದ ಇಂಗಾಲ" ಅಂದಾಗ ಗೆರೆ ಎಲ್ಲಿ ಎಳೆದಿದ್ದಾರೆ ಅಂತ ಮೊದಲು ಕೇಳಬೇಕು. ಕಡಕೊಳದ ಜನ "ನಮಗೆ ಧೂಳು ಜಾಸ್ತಿಯಾಯಿತು" ಅಂದರೆ ಅವರ ಮಾತಿಗೆ ಬೆಲೆ ಕೊಡಬೇಕು. ಒಟ್ಟು ಇಂಗಾಲ ಇಳಿದಿದೆ ಅನ್ನುವುದು ಅವರಿಗೆ ಕೊಡುವ ಉತ್ತರ ಆಗುವುದಿಲ್ಲ. ಒಳ್ಳೆಯ ರಸ್ತೆ, ಮರ, ಊರಿನ ಹೊರಗಿನ ದಾರಿ, ಕಾಯುವ ಟ್ರೇಲರ್ ಎಂಜಿನ್ ಆಫ್ ಮಾಡುವ ನಿಯಮ, ಇವು ಅವರಿಗೆ ಕೊಡಬೇಕಾದ ಉತ್ತರ.

ಜಿಲ್ಲೆಯ ಲೆಕ್ಕದಲ್ಲಿ ಇನ್ನೊಂದು ಮೋಸವೂ ನುಸುಳುತ್ತದೆ. ಬಂಕಿನಲ್ಲಿ ಎಷ್ಟು ಡೀಸೆಲ್ ಮಾರಾಟವಾಯಿತು ಅನ್ನುವುದರ ಮೇಲೆ ಇಂಗಾಲ ಲೆಕ್ಕ ಹಾಕುವುದು ರೂಢಿ. ಕೇರಳಕ್ಕೆ ಹೋಗುವ ಲಾರಿಗಳು ಅಲ್ಲಿ ಎಣ್ಣೆ ದುಬಾರಿ ಅಂತ ನಮ್ಮ ಕಡೆಯಲ್ಲೇ ಟ್ಯಾಂಕ್ ತುಂಬಿಸಿಕೊಳ್ಳುತ್ತವೆ. ಹೊಗೆ ಬಿಡುವುದು ವಯನಾಡಿನಲ್ಲಿ, ಲೆಕ್ಕಕ್ಕೆ ಬರುವುದು ನಮ್ಮಲ್ಲಿ. ರೈಲಿನದು ಇದಕ್ಕೆ ಉಲ್ಟಾ. ಮಂಡ್ಯದ ಮೇಲೆ ಗಾಡಿ ಓಡುತ್ತದೆ, ಹೊಗೆ ಶಾಖೋತ್ಪನ್ನ ಕೇಂದ್ರ ಇರುವ ಜಿಲ್ಲೆಯ ಲೆಕ್ಕಕ್ಕೆ ಹೋಗುತ್ತದೆ. ಅದಕ್ಕೇ ನಾನು ಮೇಲಿನ ಲೆಕ್ಕವನ್ನೆಲ್ಲ ಸರಕಿನ ಬೆನ್ನು ಹತ್ತಿ ಹಾಕಿದ್ದು. ಒಂದು ಮೂಟೆ ಹೊರಟಲ್ಲಿಂದ ಇಳಿದಲ್ಲಿಯವರೆಗೆ ಎಷ್ಟು ಖರ್ಚಾಯಿತು ಅಂತ ನೋಡಿದರೆ ಯಾರನ್ನೂ ಏಮಾರಿಸಲು ಆಗುವುದಿಲ್ಲ.

ಹಳಿಯ ಮೇಲೆ ಜಾಗ ಇದೆಯಾ ಅನ್ನುವುದು ಬೇರೆ ಪ್ರಶ್ನೆ. ಬೆಂಗಳೂರು–ಮೈಸೂರು ಜೋಡಿ ಹಳಿ ಆಗಿದೆ. ಅದಕ್ಕಾಗಿ 2017ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಮದ್ದಿನಮನೆಯನ್ನು ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದ್ದು ನಿಮಗೆ ನೆನಪಿರಬಹುದು. ಆದರೆ ಆ ಹಳಿಯ ಮೇಲೆ ಹಗಲೆಲ್ಲ ಪ್ಯಾಸೆಂಜರ್ ಗಾಡಿಗಳದೇ ಓಡಾಟ. ಗೂಡ್ಸ್ ಗಾಡಿಗೆ ದಾರಿ ಸಿಗುವುದು ಹೆಚ್ಚಾಗಿ ರಾತ್ರಿ. ನಿಮ್ಮ ಕಣ್ಣಿಗೆ ಕಡಿಮೆ ಬೀಳಲು ಇದೂ ಒಂದು ಕಾರಣ. ಮೈಸೂರಿನಿಂದ ಹಾಸನ, ಅರಸೀಕೆರೆ ಕಡೆಗೂ ಚಾಮರಾಜನಗರದ ಕಡೆಗೂ ಒಂಟಿ ಹಳಿ. ಎದುರು ಗಾಡಿ ದಾಟುವವರೆಗೆ ಗೂಡ್ಸ್ ಗಾಡಿ ಸ್ಟೇಷನ್ನಿನ ಪಕ್ಕದ ಹಳಿಯಲ್ಲಿ (ಲೂಪ್) ಕಾಯಬೇಕು.

ಮಂಗಳೂರು ಬಂದರು ಚೆನ್ನೈಗಿಂತ ಹತ್ತಿರ ಅಲ್ವಾ ಅಂತ ಕೇಳಬಹುದು. ಹತ್ತಿರವೇ. ಆದರೆ ನಡುವೆ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿ ಇದೆ, 55 ಕಿ.ಮೀ. ಅಲ್ಲಿ 50 ಮೀಟರಿಗೆ ಒಂದು ಮೀಟರ್ ಏರು. ರಸ್ತೆಯಲ್ಲಿ ಹೋಗುವವರಿಗೆ ಅದು ಏರು ಅಂತಲೇ ಅನ್ನಿಸುವುದಿಲ್ಲ. ಜಾರುವ ಉಕ್ಕಿನ ಮೇಲೆ ಸಾವಿರಾರು ಟನ್ ಹತ್ತಿಸಬೇಕಾದರೆ ಹಿಂದಿನಿಂದ ಬ್ಯಾಂಕರ್ ಎಂಜಿನ್ ತಳ್ಳಬೇಕು. ಯಾವ ನುಣುಪು ಬಯಲಿನಲ್ಲಿ ಎಣ್ಣೆ ಉಳಿಸಿತೋ ಅದೇ ನುಣುಪು ಘಾಟಿಯಲ್ಲಿ ಕಾಡುತ್ತದೆ. 2018ರ ಮಳೆಗೆ ಗುಡ್ಡ ಕುಸಿದು ಆ ಹಳಿ ವಾರಗಟ್ಟಲೆ ಮುಚ್ಚಿತ್ತು. ದಕ್ಷಿಣಕ್ಕೆ ಚಾಮರಾಜನಗರದಲ್ಲೇ ಹಳಿ ಮುಗಿಯುತ್ತದೆ. ಅದರಾಚೆ ಕಾಡು. ಗುಂಡ್ಲುಪೇಟೆಯ ತರಕಾರಿ ಕೇರಳಕ್ಕೆ ಲಾರಿಯಲ್ಲೇ ಹೋಗಬೇಕು, ಅದೂ ಬಂಡೀಪುರದ ರಾತ್ರಿ ನಿಷೇಧ ನೋಡಿಕೊಂಡು. ಆ ಕಾಡು ಸೀಳಿ ಹಳಿ ಹಾಕಿದರೆ ಇಂಗಾಲ ಉಳಿಯುತ್ತದೆ ಅನ್ನುವ ವಾದವನ್ನು ನಾನು ಒಪ್ಪುವುದಿಲ್ಲ. ಮರಗಳಲ್ಲಿ ಕೂತಿರುವ ಇಂಗಾಲ, ಆನೆಗಳ ದಾರಿ, ಎರಡನ್ನೂ ಕಳೆದುಕೊಂಡು ಉಳಿಸುವಂಥದ್ದು ಅಲ್ಲಿ ಏನಿದೆ?

ಹೊಸ ಹಳಿಗೂ ಇಂಗಾಲದ ಬೆಲೆ ಇದೆ. ಒಂದು ಮೀಟರ್ ಹಳಿ 60 ಕಿಲೋ ತೂಗುತ್ತದೆ. ಒಂದು ಕಿ.ಮೀ. ದಾರಿಗೆ ಎರಡು ಸಾಲು ಸೇರಿ 120 ಟನ್ ಉಕ್ಕು. ಒಂದು ಟನ್ ಉಕ್ಕು ತಯಾರಿಸಲು ಎರಡು ಟನ್ನಿಗೂ ಜಾಸ್ತಿ ಇಂಗಾಲ ಹೋಗುತ್ತದೆ. ಹಾಗಾಗಿ ಬರೀ ಹಳಿಗೇ ಕಿ.ಮೀ.ಗೆ 250 ಟನ್ ಮೀರುತ್ತದೆ. ಮೇಲೆ ಹೇಳಿದ ಸಿಮೆಂಟ್ ರೇಕ್ ಮೂರು ಸಲ ಬಂದರೆ ಅದು ತೀರುತ್ತದೆ. ಸೇತುವೆ, ಹಳಿಯ ಕೆಳಗಿನ ಅಡ್ಡಪಟ್ಟಿ (ಸ್ಲೀಪರ್), ಜಲ್ಲಿ, ಕಂಬ ಬೇರೆ. ಓಡಾಟ ಚೆನ್ನಾಗಿರುವ ಕಡೆ ಈ ಸಾಲ ಬೇಗ ತೀರುತ್ತದೆ. ವಾರಕ್ಕೊಂದು ಗಾಡಿ ಬರುವ ಕಡೆ ವರ್ಷಗಟ್ಟಲೆ ಉಳಿಯುತ್ತದೆ. ಇರುವ ಹಳಿಯನ್ನೇ ಪೂರ್ತಿ ಬಳಸಿಕೊಳ್ಳುವುದಕ್ಕೆ, ಇರುವ ಸ್ಟೇಷನ್ನಿನ ಪಕ್ಕ ಕಾಂಕ್ರೀಟ್ ಹಾಸಿದ, ಚಾವಣಿ ಇರುವ ಗೂಡ್ಸ್ ಶೆಡ್ ಕಟ್ಟುವುದಕ್ಕೆ ನನ್ನ ಮೊದಲ ಓಟು. ಮಳೆಗೆ ಗೊಬ್ಬರದ ಮೂಟೆ ನೆನೆಯದಿದ್ದರೆ, ಹಮಾಲರು ಕೆಸರಿನಲ್ಲಿ ಹೊರುವುದು ತಪ್ಪಿದರೆ, ರೇಕ್ ಬೇಗ ಖಾಲಿಯಾಗುತ್ತದೆ. ಡೆಮರೇಜ್, ಅಂದರೆ ಹೊತ್ತಿಗೆ ಸರಿಯಾಗಿ ಇಳಿಸದಿದ್ದರೆ ಕಟ್ಟುವ ದಂಡದ, ಭಯ ಇಲ್ಲದಿದ್ದರೆ ವ್ಯಾಪಾರಿ ಮತ್ತೆ ರೈಲಿಗೆ ಬರುತ್ತಾನೆ.

ನಿಮ್ಮ ಮಕ್ಕಳಿಗೆ ಒಂದು ಕೆಲಸ ಹೇಳುತ್ತೇನೆ. ಒಂದು ಶನಿವಾರ ಬೆಳಗ್ಗೆ ರಸ್ತೆಯಿಂದ ದೂರದಲ್ಲಿ, ಶಾಲೆಯ ಕಾಂಪೌಂಡಿನ ಒಳಗೇ ಕೂತು ಎರಡು ಗಂಟೆ ಲಾರಿ ಎಣಿಸಲಿ. ಎಷ್ಟು ಚಕ್ರ, ಮೈಸೂರಿನ ಕಡೆಗೋ ನಾಗಮಂಗಲದ ಕಡೆಗೋ, ತುಂಬಿದೆಯೋ ಖಾಲಿಯೋ. ಟಾರ್ಪಾಲ್ ಉಬ್ಬಿದ್ದರೆ ಲೋಡು. ಕೆಲವು ದೊಡ್ಡ ಲಾರಿಗಳಲ್ಲಿ ಒಂದು ಜೊತೆ ಚಕ್ರವನ್ನು ನೆಲಕ್ಕೆ ತಾಗದ ಹಾಗೆ ಎತ್ತಿ ಕಟ್ಟಿರುತ್ತಾರೆ, ಅದು ಸಾಮಾನ್ಯವಾಗಿ ಖಾಲಿ. ನೋಂದಣಿಯ ಮೊದಲ ಎರಡು ಅಕ್ಷರ ನೋಡಿದರೆ ಯಾವ ರಾಜ್ಯದ ಲಾರಿ ಅಂತ ಗೊತ್ತಾಗುತ್ತದೆ. ಕಲಬುರಗಿಯ ಲಾರಿ ಕೆಎ 32, ಬಳ್ಳಾರಿಯದು 34, ಮಂಡ್ಯದ್ದು 11, ಮೈಸೂರಿನದು 09 ಮತ್ತು 55. ನೂರು ಲಾರಿಯಲ್ಲಿ ಎಷ್ಟು ದೂರದವು, ಎಷ್ಟು ಹತ್ತಿರದವು, ಎಷ್ಟು ಖಾಲಿ ಅಂತ ಪಟ್ಟಿ ಮಾಡಿದರೆ, ಮೇಲಿನ 37, 62, 100 ಬಳಸಿ ಎಷ್ಟು ಸರಕು ರೈಲಿಗೆ ಹೋಗಬಹುದು, ಎಷ್ಟು ಇಂಗಾಲ ಉಳಿಯಬಹುದು ಅಂತ ಅವರೇ ಲೆಕ್ಕ ಹಾಕಬಹುದು. ಪ್ರಶ್ನೆ ಕೇಳಿದ ಆ ಹುಡುಗಿಗೇ ಪಟ್ಟಿಯ ಜವಾಬ್ದಾರಿ ಕೊಡಿ. ಮುಗಿದ ಮೇಲೆ ನನಗೂ ಒಂದು ಪ್ರತಿ ಕಳಿಸಿದರೆ, ಅವಳ ಲೆಕ್ಕವನ್ನು ನನ್ನ ಲೆಕ್ಕದ ಪಕ್ಕ ಇಟ್ಟು ನೋಡುತ್ತೇನೆ.